ಪದಕ ಉಳಿಯಲಿ, ಡವಾಲಿ ಮರಳಲಿ

ನಮ್ಮ ಅಜ್ಜ ತಾಲೂಕು ಕಚೇರಿಯಲ್ಲಿ ಜವಾನರಾಗಿದ್ದರು. ಕೆಲಸಕ್ಕೆ ಹೊರಡುವಾಗ ಭುಜದಿಂದ ಸೊಂಟಕ್ಕೆ ಅಡ್ಡಲಾಗಿ ಕೆಂಪು ಡವಾಲಿ, ಅದರ ನಡುವೆ ಹಿತ್ತಾಳೆಯ ಬಿಲ್ಲೆ. ಭಾನುವಾರ ಸಂಜೆ ಅಜ್ಜಿ ಹುಣಸೆಹಣ್ಣು ಹಚ್ಚಿ ಆ ಬಿಲ್ಲೆಯನ್ನು ತಿಕ್ಕಿ ತೊಳೆದು, ಸೆರಗಿನಲ್ಲಿ ಒರೆಸಿ ಇಡುತ್ತಿದ್ದರು. ಅದೇ ಮನೆಯ ಗೋಡೆಯ ಗೂಡಿನಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಅದರೊಳಗೆ, ಅಜ್ಜ ಹುಡುಗನಾಗಿದ್ದಾಗ ಓಟದಲ್ಲಿ ಗೆದ್ದ ಒಂದು ಪದಕ. ಅದನ್ನು ಯಾರೂ ತಿಕ್ಕುತ್ತಿರಲಿಲ್ಲ, ಕಪ್ಪಗಾಗಿತ್ತು. ನಿವೃತ್ತಿಯ ದಿನ ಅಜ್ಜ ಡವಾಲಿಯನ್ನು ಮಡಿಸಿ ಬಿಲ್ಲೆ ಸಮೇತ ಕಚೇರಿಗೆ ಒಪ್ಪಿಸಿ ಬಂದರು. ಪದಕವನ್ನು ಯಾರೂ ಕೇಳಲಿಲ್ಲ. ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾದವು. ಪದಕ ಇವತ್ತಿಗೂ ನನ್ನ ಮೇಜಿನ ಖಾನೆಯಲ್ಲಿದೆ.

ಇಂಗ್ಲಿಷಿನಿಂದ ಬಂದ ‘ಬ್ಯಾಡ್ಜ್’ ಎಂಬ ಒಂದೇ ಶಬ್ದದ ಹೊಟ್ಟೆಯಲ್ಲಿ ಈ ಎರಡೂ ವಸ್ತುಗಳು ಕೂತಿವೆ. ಶಾಲೆಯ ಸ್ಪರ್ಧೆಯಲ್ಲಿ ಗೆದ್ದ ಹುಡುಗಿಯ ಎದೆಗೆ ಚುಚ್ಚುವುದೂ ಬ್ಯಾಡ್ಜೇ, ಆಟೋ ಓಡಿಸುವವರು ಆರ್‌ಟಿಒ ಕಚೇರಿಗೆ ಅಲೆದು ಮಾಡಿಸಿಕೊಳ್ಳುವುದೂ ಬ್ಯಾಡ್ಜೇ. ಮೊದಲನೆಯದು ಆಗಿಹೋದ ಸಂಗತಿಯ ಗುರುತು. ಎರಡನೆಯದು ಈಗ ಚಲಾವಣೆಯಲ್ಲಿರುವ ಅನುಮತಿಯ ಗುರುತು. ಗೆದ್ದ ಓಟವನ್ನು ಸೋತಂತೆ ಮಾಡುವುದು ಯಾವ ಕಚೇರಿಯ ಕೈಯಲ್ಲೂ ಆಗದು. ಆದರೆ ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯಲು ಬಾರದಿದ್ದರೆ ಕಚೇರಿಯೇ ನಡೆಯದು. ಅಂತರ್ಜಾಲದ ಪ್ರಶ್ನೋತ್ತರ ತಾಣಗಳಲ್ಲಿ ದುಡಿದು ಗಳಿಸಿದ ಬ್ಯಾಡ್ಜು ಕಳೆದುಹೋಗಬಹುದೇ, ಹೋಗಬೇಕೇ ಎಂಬ ಪ್ರಶ್ನೆಗೆ ಉತ್ತರ ಈ ವ್ಯತ್ಯಾಸದಲ್ಲೇ ಇದೆ ಎಂದು ನಾನು ನಂಬಿದ್ದೇನೆ. ಪದಕದಂಥ ಬ್ಯಾಡ್ಜನ್ನು ಕಸಿಯಬಾರದು. ಡವಾಲಿಯಂಥ ಬ್ಯಾಡ್ಜು ಮರಳಿ ಪಡೆಯುವಂತಿರಲೇಬೇಕು. ಎರಡಕ್ಕೂ ಒಂದೇ ಬಣ್ಣ ಬಳಿದು ಒಂದೇ ಸಾಲಿನಲ್ಲಿ ಜೋಡಿಸಿಡುವುದರಿಂದಲೇ ಗೊಂದಲ ಹುಟ್ಟಿದೆ.

ಪರದೆಯ ಮೇಲಿನ ಒಂದು ಬಣ್ಣದ ಚುಕ್ಕೆಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ಕೇಳುವವರಿದ್ದಾರೆ. ಕೆಡಿಸಿಕೊಳ್ಳಬೇಕು. ಏಕೆಂದರೆ ಆ ಚುಕ್ಕೆಯ ಹಿಂದಿರುವುದು ಸಂಬಳವಿಲ್ಲದ ದುಡಿಮೆ. ಬೆಂಗಳೂರಿನ ಯಾವುದೇ ಸಾಫ್ಟ್‌ವೇರ್ ಕಚೇರಿಗೆ ಹೋಗಿ, ಕೆಲಸ ಕಲಿತದ್ದು ಎಲ್ಲಿ ಎಂದು ಕೇಳಿ. ಕಾಲೇಜಿನ ಹೆಸರು ಹೇಳುವವರೂ ಕೊನೆಗೆ ಸ್ಟ್ಯಾಕ್ ಓವರ್‌ಫ್ಲೋ ಎಂದು ಸೇರಿಸುತ್ತಾರೆ. ರಾತ್ರಿ ಎಲ್ಲೋ ಸಿಕ್ಕಿಕೊಂಡ ಪ್ರೋಗ್ರಾಮನ್ನು ಬಿಡಿಸಿಕೊಟ್ಟದ್ದು, ಮುಖ ಕಾಣದ ಯಾರೋ ಒಬ್ಬರು ಯಾವ ಕಾಲದಲ್ಲೋ ಬರೆದಿಟ್ಟ ಹತ್ತು ಸಾಲು. ಆ ಹತ್ತು ಸಾಲಿಗೆ ಅವರಿಗೆ ದಕ್ಕಿದ ಪ್ರತಿಫಲವೆಂದರೆ ಒಂದಿಷ್ಟು ಅಂಕ, ಒಂದೆರಡು ಬ್ಯಾಡ್ಜು. ಕೂಲಿ ಇಷ್ಟೇ ಆಗಿರುವಾಗ, ಆ ಕೂಲಿಯನ್ನು ಹೇಗೆ ಕೊಡುತ್ತಾರೆ, ಹೇಗೆ ವಾಪಸು ಪಡೆಯುತ್ತಾರೆ ಎಂಬುದು ನ್ಯಾಯದ ಪ್ರಶ್ನೆಯಾಗುತ್ತದೆ.

ಮೊದಲು ಅಲ್ಲಿನ ವ್ಯವಸ್ಥೆಯನ್ನು ನೋಡೋಣ. ಜೆಫ್ ಅಟ್‌ವುಡ್ ಮತ್ತು ಜೋಯೆಲ್ ಸ್ಪೋಲ್ಸ್ಕಿ ಎಂಬಿಬ್ಬರು 2008ರಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಆರಂಭಿಸಿದರು. ಪ್ರೋಗ್ರಾಮ್ ಬರೆಯುವವರು ಪ್ರಶ್ನೆ ಕೇಳುತ್ತಾರೆ, ಪ್ರೋಗ್ರಾಮ್ ಬರೆಯುವವರೇ ಉತ್ತರ ಕೊಡುತ್ತಾರೆ, ಓದಿದವರು ಮತ ಹಾಕುತ್ತಾರೆ. ಉತ್ತರಕ್ಕೆ ಒಂದು ಮೆಚ್ಚುಗೆಯ ಮತ ಬಿದ್ದರೆ ಬರೆದವರ ಖಾತೆಗೆ 10 ಅಂಕ, ವಿರುದ್ಧ ಮತ ಬಿದ್ದರೆ 2 ಅಂಕ ಕಡಿತ. ಇದಕ್ಕೆ ರೆಪ್ಯುಟೇಶನ್ ಎಂದು ಹೆಸರು. ಇದರ ಜೊತೆಗೆ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ದರ್ಜೆಯ ಬ್ಯಾಡ್ಜುಗಳು. ಎಕ್ಸ್‌ಬಾಕ್ಸ್ ವಿಡಿಯೊ ಗೇಮಿನಲ್ಲಿ ಆಟಗಾರರಿಗೆ ಸಿಗುವ ಸಾಧನೆಯ ಗುರುತುಗಳು ಇವಕ್ಕೆ ಮಾದರಿಯಾದವು. ಒಂದು ಉತ್ತರಕ್ಕೆ ನಿವ್ವಳ 10 ಮತ ಬಂದರೆ ಕಂಚಿನ ‘ನೈಸ್ ಆನ್ಸರ್’, 25 ಬಂದರೆ ಬೆಳ್ಳಿಯ ‘ಗುಡ್ ಆನ್ಸರ್’, 100 ಬಂದರೆ ಚಿನ್ನದ ‘ಗ್ರೇಟ್ ಆನ್ಸರ್’. ಸತತ 100 ದಿನ ತಾಣಕ್ಕೆ ಬಂದರೆ ಚಿನ್ನದ ‘ಫೆನಾಟಿಕ್’. ತಾನೂ ಉತ್ತರ ಬರೆದಿರುವ ಪ್ರಶ್ನೆಗಳಲ್ಲಿ ಇತರರ 100 ಉತ್ತರಗಳನ್ನು ಮೆಚ್ಚಿ ಮತ ಹಾಕಿದವರಿಗೆ ‘ಸ್ಪೋರ್ಟ್ಸ್‌ಮನ್‌ಶಿಪ್’. ಎದುರಾಳಿಯ ಒಳ್ಳೆಯತನವನ್ನು ಒಪ್ಪಿಕೊಂಡದ್ದಕ್ಕೂ ಒಂದು ಪದಕವಿದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಈಗ ಕಳೆದುಕೊಳ್ಳುವ ಮಾತು. ಅಂಕ ಏರುತ್ತದೆ, ಇಳಿಯುತ್ತದೆ. ಅದರ ಸ್ವಭಾವವೇ ಹಾಗೆ. ಬ್ಯಾಡ್ಜು ಮಾತ್ರ ಸಾಮಾನ್ಯವಾಗಿ ಇಳಿಯುವುದಿಲ್ಲ. 10 ಮತ ಬಂದ ಉತ್ತರ ನಾಳೆ ವಿರುದ್ಧ ಮತಗಳಿಂದ 7ಕ್ಕೆ ಇಳಿದರೂ ‘ನೈಸ್ ಆನ್ಸರ್’ ಬರೆದವರ ಬಳಿಯೇ ಇರುತ್ತದೆ. ನೂರು ದಿನ ಮುಗಿಸಿದವರು ನೂರೊಂದನೆಯ ದಿನ ಬಾರದಿದ್ದರೂ ‘ಫೆನಾಟಿಕ್’ ಹೋಗುವುದಿಲ್ಲ. ನಿಯಮ ಮುರಿದದ್ದಕ್ಕೆ ಒಬ್ಬರನ್ನು ಕೆಲವು ದಿನ ಅಮಾನತಿನಲ್ಲಿಟ್ಟಾಗ ಅವರ ರೆಪ್ಯುಟೇಶನ್ 1 ಎಂದು ತೋರಿಸುತ್ತದೆ, ಅಂದರೆ ಅಧಿಕಾರಗಳೆಲ್ಲ ಆ ಅವಧಿಗೆ ಸ್ಥಗಿತ. ಬ್ಯಾಡ್ಜುಗಳು ಮಾತ್ರ ಹಾಗೇ ಇರುತ್ತವೆ. ಇದಕ್ಕೆ ದೊಡ್ಡ ಅಪವಾದವೆಂದರೆ ಟ್ಯಾಗ್ ಬ್ಯಾಡ್ಜು. ಪೈಥಾನ್, ಜಾವಾಸ್ಕ್ರಿಪ್ಟ್ ಹೀಗೆ ಒಂದು ವಿಷಯದಲ್ಲಿ ಕನಿಷ್ಠ 200 ಉತ್ತರ ಬರೆದು, ಅವಕ್ಕೆಲ್ಲ ಸೇರಿ 1000 ಮತ ಗಳಿಸಿದವರಿಗೆ ಆ ವಿಷಯದ ಚಿನ್ನದ ಬ್ಯಾಡ್ಜು. ಉತ್ತರಗಳು ಅಳಿಸಿಹೋಗಿಯೋ, ಪ್ರಶ್ನೆಗಳ ಟ್ಯಾಗು ಬದಲಾಗಿಯೋ ಲೆಕ್ಕ ಆ ಗೆರೆಗಿಂತ ಕೆಳಗಿಳಿದರೆ ಈ ಬ್ಯಾಡ್ಜು ಹೋಗುತ್ತದೆ.

ಈ ಭೇದ ಮೇಲ್ನೋಟಕ್ಕೆ ಮನಬಂದಂತೆ ಮಾಡಿದ್ದು ಎನಿಸಬಹುದು. ನನಗೆ ಅದರಲ್ಲಿ ಒಂದು ವಿವೇಕ ಕಾಣುತ್ತದೆ. ‘ನೈಸ್ ಆನ್ಸರ್’ ಹೇಳುವುದು ಇಷ್ಟು: ಇಂಥ ದಿನ, ಈ ಉತ್ತರ, ಹತ್ತು ಜನರ ಮೆಚ್ಚುಗೆಯ ಗೆರೆಯನ್ನು ಮುಟ್ಟಿತು. ಅದು ನಡೆದ ಸಂಗತಿ. ಆಮೇಲೆ ಮೂವರು ಒಪ್ಪದೆ ಹೋದರೆ ಅದು ಇನ್ನೊಂದು ಸಂಗತಿ. ಮೊದಲಿನದನ್ನು ಅದು ಸುಳ್ಳು ಮಾಡುವುದಿಲ್ಲ. ಚಿನ್ನದ ಟ್ಯಾಗ್ ಬ್ಯಾಡ್ಜು ಹಾಗಲ್ಲ. 2014ರಿಂದ ಅದರ ಜೊತೆ ಒಂದು ಅಧಿಕಾರ ಬಂದಿದೆ. ಹೊಸದಾಗಿ ಬಂದ ಪ್ರಶ್ನೆಯನ್ನು ‘ಇದನ್ನು ಈಗಾಗಲೇ ಕೇಳಿಯಾಗಿದೆ’ ಎಂದು ಮುಚ್ಚಲು ಉಳಿದವರು ಹಲವು ಮತಗಳನ್ನು ಒಟ್ಟುಗೂಡಿಸಬೇಕು. ಆ ವಿಷಯದ ಚಿನ್ನದ ಬ್ಯಾಡ್ಜು ಇದ್ದವರು ಒಬ್ಬರೇ ಮುಚ್ಚಬಲ್ಲರು. ಇಲ್ಲಿ ಬ್ಯಾಡ್ಜು ಪದಕವಾಗಿ ಉಳಿಯಲಿಲ್ಲ, ಡವಾಲಿಯಾಯಿತು.

ಆ ಅಧಿಕಾರದ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಊರಿನಿಂದ ಬಂದು ಪಿ.ಜಿ.ಯ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಕನ್ನಡ ಮಾಧ್ಯಮದಲ್ಲಿ ಓದಿದವಳು. ತನ್ನ ತೊಂದರೆಯನ್ನು ಇಂಗ್ಲಿಷಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಗೆಳತಿಗೆ ತೋರಿಸಿ, ತಪ್ಪು ತಿದ್ದಿ, ಕೊನೆಗೆ ಧೈರ್ಯ ಮಾಡಿ ಪ್ರಶ್ನೆಯನ್ನು ಹಾಕುತ್ತಾಳೆ. ಕೆಲವೇ ನಿಮಿಷದಲ್ಲಿ ಅದರ ಮೇಲೆ ಮುಚ್ಚಲಾಗಿದೆ ಎಂಬ ಫಲಕ. ಕೆಳಗೆ ಹಳೆಯ ಪ್ರಶ್ನೆಯೊಂದಕ್ಕೆ ಕೊಂಡಿ. ಎಷ್ಟೋ ಸಲ ಆ ತೀರ್ಮಾನ ಸರಿಯೇ ಇರುತ್ತದೆ. ಹಳೆಯ ಉತ್ತರ ಅವಳ ಕೆಲಸಕ್ಕೆ ಬರುತ್ತದೆ, ಅವಳ ಸಮಯ ಉಳಿಯುತ್ತದೆ. ಕೆಲವು ಸಲ ಸರಿಯಿರುವುದಿಲ್ಲ. ಪ್ರಶ್ನೆಯ ರೂಪ ಒಂದೇ ಇದ್ದರೂ ಒಳಗಿನ ತೊಡಕು ಬೇರೆ ಇರುತ್ತದೆ. ಆಗ ಅವಳ ಪಾಲಿಗೆ ಆ ಚಿನ್ನದ ಚುಕ್ಕೆ ಯಾರದೋ ಸಾಧನೆಯ ನೆನಪಲ್ಲ, ತನ್ನ ಮುಖದೆದುರು ಮುಚ್ಚಿಕೊಂಡ ಬಾಗಿಲು. ಇನ್ನೊಬ್ಬರ ಬಾಯಿ ಮುಚ್ಚಿಸುವ ಶಕ್ತಿ ಯಾವ ಗುರುತಿಗೆ ಇದೆಯೋ ಆ ಗುರುತು ಹಿಂದಕ್ಕೆ ಪಡೆಯುವಂಥದ್ದಾಗಿರಬೇಕು. ಹೆಗಲ ಮೇಲೆ ಡವಾಲಿ ಇರುವವರೆಗೆ ಅದರ ಹೊಣೆಯೂ ಇರಬೇಕು.

ಇನ್ನು ಎದುರು ವಾದಗಳನ್ನು ನೋಡೋಣ. ಅವುಗಳಲ್ಲಿ ಬಲವಾದದ್ದು ಇದು: ಬ್ಯಾಡ್ಜು ಇರುವುದು ಗಳಿಸಿದವರ ಸಂತೋಷಕ್ಕಷ್ಟೇ ಅಲ್ಲ, ಓದುವವರ ತಿಳಿವಿಗೆ. ಹೆಸರಿನ ಪಕ್ಕ ಚಿನ್ನ ಕಂಡರೆ ಓದುಗ ಆ ಮಾತನ್ನು ನಂಬುತ್ತಾನೆ. ಆದರೆ ಪೈಥಾನ್ 2 ಎಂಬ ಆವೃತ್ತಿಗೆ 2020ರ ಜನವರಿ 1ಕ್ಕೆ ಅಧಿಕೃತ ಬೆಂಬಲವೇ ನಿಂತುಹೋಯಿತು. ಅದರ ಬಗ್ಗೆ ಉತ್ತರ ಬರೆದು ಗಳಿಸಿದ ಚಿನ್ನ ಇವತ್ತಿನ ಓದುಗನಿಗೆ ಏನು ಹೇಳುತ್ತದೆ? ಜ್ಞಾನ ಹಳತಾದಾಗ ಗುರುತೂ ಮಾಸಬೇಡವೇ?

ಈ ವಾದದಲ್ಲಿ ಸತ್ಯವಿದೆ, ಆದರೆ ಔಷಧಿ ತಪ್ಪಾಗಿದೆ. ಚದುರಂಗದವರು ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿಕೊಂಡಿದ್ದಾರೆ. ಅಲ್ಲಿ ರೇಟಿಂಗ್ ಬೇರೆ, ಟೈಟಲ್ ಬೇರೆ. 2500 ರೇಟಿಂಗ್ ಮುಟ್ಟಿ, ನಿಗದಿತ ನಾರ್ಮ್‌ಗಳನ್ನು ಪೂರೈಸಿದವರು ಗ್ರ್ಯಾಂಡ್‌ಮಾಸ್ಟರ್ ಆಗುತ್ತಾರೆ. ಆಮೇಲೆ ವಯಸ್ಸಾಗಿ ರೇಟಿಂಗ್ 2300ಕ್ಕೆ ಇಳಿದರೂ ಗ್ರ್ಯಾಂಡ್‌ಮಾಸ್ಟರ್ ಆಗಿಯೇ ಇರುತ್ತಾರೆ. 1988ರಲ್ಲಿ ವಿಶ್ವನಾಥನ್ ಆನಂದ್ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು ಎಂಬುದು ಎಂದೆಂದಿಗೂ ನಿಜ. ಇವತ್ತು ಅವರ ಆಟ ಹೇಗಿದೆ ಎಂದು ತಿಳಿಯಬೇಕಾದವರು ಇವತ್ತಿನ ರೇಟಿಂಗ್ ಪಟ್ಟಿ ನೋಡುತ್ತಾರೆ. ‘ಅಂದು ಏನು ಮಾಡಿದ’ ಎಂಬ ಪ್ರಶ್ನೆಗೆ ಒಂದು ಅಳತೆಗೋಲು, ‘ಇಂದು ಹೇಗಿದ್ದಾನೆ’ ಎಂಬುದಕ್ಕೆ ಇನ್ನೊಂದು. ಎರಡನ್ನೂ ಒಂದೇ ಕೋಲಿನಿಂದ ಅಳೆಯಲು ಹೋದರೆ ನೆನಪೂ ಕೆಡುತ್ತದೆ, ಅಳತೆಯೂ ಕೆಡುತ್ತದೆ. ಪ್ರಶ್ನೋತ್ತರ ತಾಣದಲ್ಲೂ ಮಾಡಬೇಕಾದದ್ದು ಇಷ್ಟೇ. ಬ್ಯಾಡ್ಜಿನ ಮುಖದ ಮೇಲೆಯೇ ಅದನ್ನು ಗಳಿಸಿದ ವರ್ಷ ಎದ್ದು ಕಾಣುವಂತಿರಲಿ. ಕ್ವೋರಾ ತಾಣ ತನ್ನ ‘ಟಾಪ್ ರೈಟರ್’ ಗುರುತನ್ನು ಇಸವಿ ಸಮೇತ ಕೊಡುತ್ತಿತ್ತು. 2018ರ ಟಾಪ್ ರೈಟರ್ ಎಂದರೆ 2018ರದ್ದು. ಅದು ಇವತ್ತಿನ ಮಾತಿಗೆ ಜಾಮೀನು ನಿಲ್ಲುವುದಿಲ್ಲ, ಅಂದಿನ ದುಡಿಮೆಯನ್ನು ಮರೆಯುವುದೂ ಇಲ್ಲ. ಇಸವಿ ಹಾಕಿದರೆ ತೀರುವ ತೊಂದರೆಗೆ ಪದಕ ಕಸಿಯುವುದು ಯಾಕೆ?

ಎರಡನೆಯ ವಾದ ನಿಯಮ ಬದಲಾವಣೆಯದು. ಮೊದಲು ಸುಲಭವಾಗಿದ್ದ ಬ್ಯಾಡ್ಜಿನ ಗೆರೆಯನ್ನು ತಾಣದವರು ಆಮೇಲೆ ಎತ್ತರಿಸುತ್ತಾರೆ ಎನ್ನಿ. ಹಳೆಯ ಗೆರೆ ದಾಟಿ ಗೆದ್ದವರ ಬಳಿ ಅದು ಉಳಿಯಬೇಕೇ? ಉಳಿಯಬೇಕು. ಮಾಡಿದಾಗ ಅಪರಾಧವಲ್ಲದ ಕೆಲಸಕ್ಕೆ ಆಮೇಲೆ ಬಂದ ಕಾನೂನಿನಿಂದ ಶಿಕ್ಷೆ ಕೊಡುವಂತಿಲ್ಲ ಎಂದು ನಮ್ಮ ಸಂವಿಧಾನದ 20ನೇ ವಿಧಿ ಹೇಳುತ್ತದೆ. ಪರದೆಯ ಮೇಲಿನ ಚುಕ್ಕೆಗೆ ಸಂವಿಧಾನದ ತೂಕ ಹೊರಿಸುತ್ತಿಲ್ಲ. ಆದರೆ ಅದರ ಹಿಂದಿನ ನೀತಿ ಚಿಕ್ಕ ಆಟಕ್ಕೂ ಸಲ್ಲುತ್ತದೆ. ಲಗೋರಿ ಆಡುವ ಮಕ್ಕಳಿಗೂ ಗೊತ್ತು, ಆಟದ ನಡುವೆ ನಿಯಮ ತಿದ್ದಿ ಮುಗಿದ ಆಟದ ಗೆಲುವನ್ನು ಕಿತ್ತುಕೊಂಡರೆ ಮರುದಿನ ಅಂಗಳಕ್ಕೆ ಯಾರೂ ಬರುವುದಿಲ್ಲ.

ಮೂರನೆಯದು ಮೋಸದ ಪ್ರಶ್ನೆ. ಇಲ್ಲಿ ನಾನು ಹಿಂದೆಮುಂದೆ ನೋಡುವುದಿಲ್ಲ. ಒಬ್ಬನೇ ನಾಲ್ಕು ಖಾತೆ ತೆರೆದು ತನ್ನ ಉತ್ತರಕ್ಕೆ ತಾನೇ ಮತ ಹಾಕಿಕೊಂಡಿದ್ದರೆ, ಅಂಥ ಮತಗಳಿಂದ ಬಂದ ಬ್ಯಾಡ್ಜು ತೆಗೆಯಲೇಬೇಕು. ಹಾಗೆ ತೆಗೆದಾಗ ಗಳಿಸಿದ್ದನ್ನು ಕಸಿದಂತಾಗುವುದಿಲ್ಲ, ಏಕೆಂದರೆ ಅಲ್ಲಿ ಗಳಿಕೆಯೇ ಆಗಿರಲಿಲ್ಲ. ಪದಕ ಹೇಳುವ ಸಂಗತಿ ನಡೆದೇ ಇಲ್ಲವೆಂದ ಮೇಲೆ ಪದಕಕ್ಕೆ ನಿಲ್ಲಲು ನೆಲವಿಲ್ಲ. ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಗೆದ್ದಿದ್ದ 7 ಟೂರ್ ಡಿ ಫ್ರಾನ್ಸ್ ಪ್ರಶಸ್ತಿಗಳನ್ನು 2012ರಲ್ಲಿ ಕಿತ್ತುಹಾಕಿದ್ದು ಈ ನ್ಯಾಯದಿಂದಲೇ. ಆ ವರ್ಷಗಳ ಗೆಲುವನ್ನು ಬೇರೆ ಯಾರಿಗೂ ಕೊಡದೆ ಖಾಲಿ ಬಿಟ್ಟರು.

ಆದರೆ ಮೋಸ ಎಂದು ತೀರ್ಮಾನಿಸುವ ಕೈಯೂ ತಪ್ಪಬಲ್ಲದು. ಅಮೆರಿಕದ ಮೂಲನಿವಾಸಿ ಓಟಗಾರ ಜಿಮ್ ಥೋರ್ಪ್ ಕತೆಯನ್ನು ಈ ವಿಷಯ ಚರ್ಚಿಸುವವರೆಲ್ಲ ಓದಬೇಕು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದ ಮನುಷ್ಯ ಆತ. ಅದಕ್ಕೂ ಮೊದಲು ಬೇಸಿಗೆಯಲ್ಲಿ ಚಿಕ್ಕ ಲೀಗ್ ಒಂದರಲ್ಲಿ ಅಲ್ಪ ಹಣಕ್ಕೆ ಬೇಸ್‌ಬಾಲ್ ಆಡಿದ್ದ ಎಂಬ ಕಾರಣಕ್ಕೆ, ಆತ ಹವ್ಯಾಸಿ ಆಟಗಾರನಲ್ಲ ಎಂದು 1913ರಲ್ಲಿ ಪದಕಗಳನ್ನು ಕಿತ್ತುಕೊಂಡರು. ಆಕ್ಷೇಪ ಸಲ್ಲಿಸಲು ಆ ಕ್ರೀಡಾಕೂಟದ ನಿಯಮದಲ್ಲೇ 30 ದಿನಗಳ ಗಡುವಿತ್ತು. ಆ ಗಡುವು ಮೀರಿ ತಿಂಗಳುಗಳೇ ಕಳೆದಿದ್ದವು. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಥೋರ್ಪ್ 1953ರಲ್ಲಿ ತೀರಿಕೊಂಡ. 1982ರಲ್ಲಿ ಒಲಿಂಪಿಕ್ ಸಮಿತಿ ಆತನನ್ನು ಜಂಟಿ ವಿಜೇತ ಎಂದು ಒಪ್ಪಿತು. ಏಕೈಕ ವಿಜೇತ ಎಂದು ಒಪ್ಪಿಕೊಂಡದ್ದು 2022ರಲ್ಲಿ. ಕಿತ್ತುಕೊಳ್ಳಲು ಕೆಲವು ವಾರ ಸಾಕಾಯಿತು, ಸರಿಪಡಿಸಲು 109 ವರ್ಷ ಬೇಕಾಯಿತು. ಅಷ್ಟರಲ್ಲಿ ಓಡಿದ ಕಾಲುಗಳು ಮಣ್ಣಾಗಿದ್ದವು.

ಈ ಕತೆ ಕಲಿಸುವ ಪಾಠ ಪ್ರಶ್ನೋತ್ತರ ತಾಣಕ್ಕೂ ನೇರವಾಗಿ ಅನ್ವಯಿಸುತ್ತದೆ. ಅಲ್ಲಿ ಒಬ್ಬರೇ ಒಬ್ಬರಿಗೆ ಸಾಲುಸಾಲಾಗಿ ಹಾಕಿದ ಮತಗಳನ್ನು ಪ್ರೋಗ್ರಾಮೊಂದು ಪ್ರತಿದಿನ ತಾನಾಗಿಯೇ ಪತ್ತೆಹಚ್ಚಿ ರದ್ದುಮಾಡುತ್ತದೆ. ಒಳ್ಳೆಯದೇ. ಆದರೆ ಒಬ್ಬರ ಉತ್ತರದಿಂದ ನಿಜವಾಗಿ ಉಪಕಾರವಾಗಿ, ಅವರದೇ ಇನ್ನೂ ಹತ್ತು ಉತ್ತರ ಹುಡುಕಿ ಓದಿ ಮೆಚ್ಚಿದ ಓದುಗ ಕೂಡ ಆ ಯಂತ್ರದ ಕಣ್ಣಿಗೆ ಮೋಸಗಾರನಂತೆ ಕಾಣಬಹುದು. ಹಾಗಾಗಿ ಬ್ಯಾಡ್ಜು ತೆಗೆಯುವುದಾದರೆ ಕಾರಣ ತಿಳಿಸಬೇಕು, ಉತ್ತರ ಕೊಡಲು ಸಮಯ ಕೊಡಬೇಕು, ತೀರ್ಪು ಕೊಟ್ಟವರಲ್ಲದೆ ಬೇರೆಯವರು ಮೇಲ್ಮನವಿ ಕೇಳಬೇಕು. ಸಹಜ ನ್ಯಾಯ ಎಂದು ನಮ್ಮ ನ್ಯಾಯಾಲಯಗಳು ಕರೆಯುವುದು ಇದನ್ನೇ. ತಾಣ ಖಾಸಗಿ ಕಂಪನಿಯದು, ಅವರ ಇಷ್ಟ ಎಂಬ ಮಾತು ಕಾನೂನಿಗೆ ಸರಿ ಇರಬಹುದು. ಬಿಟ್ಟಿ ದುಡಿಸಿಕೊಂಡವರಿಗೆ ಕನಿಷ್ಠ ಒಂದು ಮಾತು ಕೇಳುವ ಋಣ ಕಂಪನಿಗೂ ಇದೆ.

ಮೋಸದ ಜೊತೆಗೇ ಬರುವ ಇನ್ನೊಂದು ಕಗ್ಗಂಟಿದೆ. ಪದಕ ಗೆದ್ದದ್ದು ನ್ಯಾಯವಾಗಿಯೇ, ತಪ್ಪು ಮಾಡಿದ್ದು ಆಮೇಲೆ. ಆಗ? ಲಾಟ್ವಿಯಾ ಮೂಲದ ಇಗೋರ್ಸ್ ರೌಸಿಸ್ ಎಂಬ ಚದುರಂಗ ಆಟಗಾರ 1992ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದವರು. 2019ರಲ್ಲಿ ಫ್ರಾನ್ಸಿನ ಪಂದ್ಯಾವಳಿಯೊಂದರಲ್ಲಿ ಶೌಚಾಲಯದಲ್ಲಿ ಕೂತು ಫೋನು ನೋಡುತ್ತಿದ್ದುದು ಬಯಲಾಯಿತು. ಚದುರಂಗ ಒಕ್ಕೂಟ 6 ವರ್ಷದ ನಿಷೇಧ ಹೇರಿತು, ಜೊತೆಗೆ ಟೈಟಲನ್ನೂ ಕಸಿದುಕೊಂಡಿತು. ನಿಷೇಧ ನ್ಯಾಯವೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ 1992ರ ಗೆಲುವು ಮೋಸದ್ದೆಂದು ತೋರಿಸದೆ ಆ ಗೆಲುವಿನ ಗುರುತನ್ನು ಅಳಿಸುವುದು ನನಗೆ ಸರಿಕಾಣುವುದಿಲ್ಲ. ಇಂದು ಕಳ್ಳತನ ಮಾಡಿದವನ ಇಪ್ಪತ್ತು ವರ್ಷದ ಹಿಂದಿನ ಬೆಳೆ ಕಳವಿನದು ಎಂದು ಸಾಕ್ಷಿಯಿಲ್ಲದೆ ಹೇಳಲಾಗದು. ತಪ್ಪಿಗೆ ತಕ್ಕ ಶಿಕ್ಷೆ ಕೊಡಿ, ಅಧಿಕಾರ ಕಿತ್ತುಕೊಳ್ಳಿ, ಬಾಗಿಲು ಮುಚ್ಚಿ. ಇತಿಹಾಸವನ್ನು ಮಾತ್ರ ಶಿಕ್ಷೆಯ ಕೋಲಾಗಿ ಬಳಸಬೇಡಿ. ಅಮಾನತಾದವರ ಅಂಕವನ್ನು 1ಕ್ಕಿಳಿಸಿ ಬ್ಯಾಡ್ಜುಗಳನ್ನು ಮುಟ್ಟದೆ ಬಿಡುವ ಸ್ಟ್ಯಾಕ್ ಓವರ್‌ಫ್ಲೋ ಪದ್ಧತಿ ಈ ಮಟ್ಟಿಗೆ ಚದುರಂಗ ಒಕ್ಕೂಟಕ್ಕಿಂತ ಹಿರಿದು.

ಬ್ಯಾಡ್ಜು ಕಳೆಯುವಂತಿರಬೇಕು ಎನ್ನುವವರಲ್ಲಿ ಇನ್ನೊಂದು ಗುಂಪಿದೆ. ಅವರ ಬಗ್ಗೆ ನನಗೆ ಹೆಚ್ಚಿನ ಭಯ. ಅವರಿಗೆ ನ್ಯಾಯದ ಚಿಂತೆಯಿಲ್ಲ, ಜನರನ್ನು ಹಿಡಿದಿಡುವ ಚಿಂತೆ. ಕಾರ್ನೆಲ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು ಸ್ಟ್ಯಾಕ್ ಓವರ್‌ಫ್ಲೋ ಬ್ಯಾಡ್ಜುಗಳನ್ನೇ ಅಧ್ಯಯನ ಮಾಡಿ 2013ರಲ್ಲಿ ಪ್ರಬಂಧ ಪ್ರಕಟಿಸಿದರು. ಬ್ಯಾಡ್ಜಿನ ಗೆರೆ ಹತ್ತಿರವಾದಂತೆ ಜನ ಆ ಕೆಲಸವನ್ನು ಹೆಚ್ಚು ಹೆಚ್ಚು ಮಾಡುತ್ತಾರೆ, ಬ್ಯಾಡ್ಜು ಕೈಗೆ ಬಂದ ಕೂಡಲೇ ಆ ಉತ್ಸಾಹ ಇಳಿಯುತ್ತದೆ ಎಂಬುದು ಅವರು ಕಂಡುಕೊಂಡದ್ದು. 300 ಮತ ಹಾಕಿದವರಿಗೆ ಸಿಗುವ ‘ಸಿವಿಕ್ ಡ್ಯೂಟಿ’, 600 ಮತಗಳ ‘ಎಲೆಕ್ಟೊರೇಟ್’ ಅವರು ನೋಡಿದ ಬ್ಯಾಡ್ಜುಗಳಲ್ಲಿ ಸೇರಿದ್ದವು. ಇದನ್ನು ಓದಿದ ವ್ಯಾಪಾರಿ ಬುದ್ಧಿಗೆ ತಕ್ಷಣ ಹೊಳೆಯುವ ಉಪಾಯವೆಂದರೆ, ಬ್ಯಾಡ್ಜು ಕೈಗೆ ಬಂದರೂ ಖಾಯಂ ಆಗದಂತೆ ಮಾಡುವುದು. ನಾಳೆ ಬಾರದಿದ್ದರೆ ಹೋಯಿತು. ಸಿಗುವ ಸುಖಕ್ಕಿಂತ ಕಳೆದುಕೊಳ್ಳುವ ನೋವು ಮನುಷ್ಯನಿಗೆ ದೊಡ್ಡದು ಎಂದು ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್‌ಸ್ಕಿ 1979ರಲ್ಲೇ ಬರೆದಿದ್ದರು. ಆ ನೋವನ್ನೇ ಹಗ್ಗ ಮಾಡಿಕೊಂಡರೆ ಜನರನ್ನು ಗೂಟಕ್ಕೆ ಕಟ್ಟಬಹುದು.

ಹಾಗೆ ಕಟ್ಟಿಸಿಕೊಂಡವರನ್ನು ನಾವೆಲ್ಲ ನೋಡಿದ್ದೇವೆ. ಮದುವೆ ಮನೆಯಲ್ಲಿ ಊಟದ ಎಲೆಯ ಮುಂದೆ ಕೂತು ‘ಸ್ಟ್ರೀಕ್ ಹೋಗತ್ತೆ’ ಎಂದು ಫೋನು ತೆಗೆಯುವ ಹುಡುಗರು, ಜ್ವರ ಬಂದ ರಾತ್ರಿಯೂ ಹನ್ನೆರಡು ಹೊಡೆಯುವುದರೊಳಗೆ ಲಾಗಿನ್ ಆಗುವ ದೊಡ್ಡವರು. ಪ್ರೋಗ್ರಾಮರ್‌ಗಳು ಬಳಸುವ ಗಿಟ್‌ಹಬ್ ತಾಣ, ಸತತ ಎಷ್ಟು ದಿನ ಕೆಲಸ ಮಾಡಿದ್ದೀರಿ ಎಂಬ ಎಣಿಕೆಯನ್ನು 2016ರಲ್ಲಿ ಪ್ರೊಫೈಲ್ ಪುಟದಿಂದ ತೆಗೆದುಹಾಕಿತು. ಅದೊಂದು ಒಳ್ಳೆಯ ನಡೆ ಎಂದೇ ನಾನು ಎಣಿಸುತ್ತೇನೆ. ನೂರು ದಿನದ ‘ಫೆನಾಟಿಕ್’ ನನಗೆ ಅಷ್ಟು ಪ್ರಿಯವಾದ ಬ್ಯಾಡ್ಜಲ್ಲ. ಆದರೂ ಅದರಲ್ಲಿ ಒಂದು ದಯೆಯಿದೆ. ನೂರನೆಯ ದಿನ ಮುಗಿದ ಮೇಲೆ ಅದು ನಿಮ್ಮನ್ನು ಬಿಟ್ಟುಬಿಡುತ್ತದೆ. ಕಳೆಯದ ಪದಕ ಮನುಷ್ಯನಿಗೆ ಎದ್ದು ಹೋಗುವ ಸ್ವಾತಂತ್ರ್ಯ ಕೊಡುತ್ತದೆ. ಕಳೆಯುವ ಪದಕ ಅದನ್ನು ಕಸಿಯುತ್ತದೆ. ಕೊಟ್ಟವರ ಲಾಭಕ್ಕಾಗಿ ಪಡೆದವರನ್ನು ಕಾವಲು ಕೂರಿಸುವ ಗುರುತನ್ನು ಗೌರವ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಹಾಗಾದರೆ ಪದಕದಂಥ ಬ್ಯಾಡ್ಜು ಕಳೆಯುವುದೇ ಇಲ್ಲವೇ? ಒಂದು ರೀತಿಯಲ್ಲಿ ಕಳೆಯುತ್ತದೆ, ಅದೂ ಸಾಮೂಹಿಕವಾಗಿ. ಯಾಹೂ ಆನ್ಸರ್ಸ್ ಎಂಬ ತಾಣವನ್ನು ನಮ್ಮ ಪೀಳಿಗೆಯ ಅನೇಕರು ಬಲ್ಲರು. ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟೆಂದು ಹಣ ಕೊಟ್ಟು ಅಲ್ಲಿ ಪ್ರಶ್ನೆ ಕೇಳಿದವರಿದ್ದಾರೆ. ಪ್ರಶ್ನೆ ಕೇಳಿದರೆ 5 ಅಂಕ ಖರ್ಚು, ನಿಮ್ಮ ಉತ್ತರ ಶ್ರೇಷ್ಠವೆಂದು ಆಯ್ಕೆಯಾದರೆ 10 ಅಂಕ ಜಮೆ. ಒಂದರಿಂದ ಏಳರವರೆಗೆ ಮೆಟ್ಟಿಲುಗಳು. 2021ರ ಮೇ 4ರಂದು ಕಂಪನಿ ಆ ತಾಣವನ್ನು ಮುಚ್ಚಿತು. ಏಳನೆಯ ಮೆಟ್ಟಿಲು ಹತ್ತಿದವರೂ ಒಂದನೆಯದರಲ್ಲಿದ್ದವರೂ ಒಂದೇ ದಿನ ನೆಲಕ್ಕಿಳಿದರು. ಯಾವ ತಪ್ಪೂ ಇಲ್ಲ, ಯಾವ ನಿಯಮವೂ ಮುರಿದಿಲ್ಲ, ಗೂಡು ಇದ್ದ ಗೋಡೆಯೇ ಬಿತ್ತು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸ್ಟ್ಯಾಕ್ ಓವರ್‌ಫ್ಲೋದಲ್ಲೂ ಹೊಸ ಪ್ರಶ್ನೆಗಳ ಸಂಖ್ಯೆ ತೀರಾ ಕುಗ್ಗಿದೆ. ಅಲ್ಲಿನ ಗೋಡೆಯ ಆಯುಷ್ಯದ ಬಗ್ಗೆಯೂ ಜನ ಮಾತಾಡುತ್ತಿದ್ದಾರೆ. ಆದರೆ ಅವರು ಮಾಡಿದ ಒಂದು ಒಳ್ಳೆಯ ಕೆಲಸವಿದೆ. ಪ್ರಶ್ನೆ ಉತ್ತರಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿಟ್ಟು, ಇಡೀ ಸಂಗ್ರಹವನ್ನು ಆಗಾಗ ಕಡತಗಳಾಗಿ ಹೊರಗೆ ಕೊಡುತ್ತ ಬಂದಿದ್ದಾರೆ. ಆ ಕಡತಗಳಲ್ಲಿ ಒಂದು ಬ್ಯಾಡ್ಜುಗಳದ್ದೇ: ಯಾರಿಗೆ, ಯಾವುದು, ಯಾವ ದಿನ. ತಾಣ ಹೋದರೂ ಆ ಪಟ್ಟಿ ಎಲ್ಲೋ ಒಬ್ಬರ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಪದಕ ಕಳೆಯಬಾರದು ಎಂದು ನಿಜವಾಗಿ ನಂಬುವ ತಾಣ, ನಿಯಮದಲ್ಲಿ ಹಾಗೆ ಬರೆದರಷ್ಟೇ ಸಾಲದು. ತನ್ನ ಸಾವಿನ ನಂತರವೂ ಅದು ಉಳಿಯುವ ದಾರಿ ಮಾಡಿರಬೇಕು.

ಕೊನೆಯದಾಗಿ, ಕಸಿಯುವುದು ಬೇರೆ, ಬಿಟ್ಟುಕೊಡುವುದು ಬೇರೆ. ಶಿವರಾಮ ಕಾರಂತರು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಹತ್ಯೆಯಾದ ಮೇಲೆ ದೇಶದ ಹಲವು ಲೇಖಕರು ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗಳನ್ನು ಮರಳಿಸಿದಾಗ, ಒಮ್ಮೆ ಕೊಟ್ಟ ಪ್ರಶಸ್ತಿಯನ್ನು ವಾಪಸು ಪಡೆಯಲು ತನ್ನ ನಿಯಮಗಳಲ್ಲಿ ಅವಕಾಶವಿಲ್ಲ ಎಂದಿತು ಅಕಾಡೆಮಿ. ಆ ಮಾತನ್ನು ಅಂದು ಬೇರೆ ಬೇರೆ ಕಾರಣಗಳಿಗೆ ಟೀಕಿಸಿದವರುಂಟು. ನನಗೆ ಮಾತ್ರ ಅದರೊಳಗೆ ಒಂದು ತಥ್ಯ ಕಾಣುತ್ತದೆ: ಕೃತಿಗೆ ಸಂದ ಮನ್ನಣೆ ಸಂದುಹೋಯಿತು, ಫಲಕ ಮರಳಿಸಿದರೂ ಮನ್ನಣೆ ಮರಳುವುದಿಲ್ಲ. ಮರಳಿಸಿದವರ ಪ್ರತಿಭಟನೆಗೆ ತೂಕ ಬಂದದ್ದೂ ಅದರಿಂದಲೇ. ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದಾದ ವಸ್ತುವನ್ನು ತ್ಯಾಗ ಮಾಡಲು ಬರುವುದಿಲ್ಲ. ತನ್ನದಾದದ್ದನ್ನು ಮಾತ್ರ ಬಿಟ್ಟುಕೊಡಬಹುದು. 2019ರಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಬಳಗದ ತಾಣಗಳಲ್ಲಿ ಕಂಪನಿಯ ನಡೆಯನ್ನು ಒಪ್ಪದ ಅನೇಕ ಮಾಡರೇಟರ್‌ಗಳು ತಾವಾಗಿಯೇ ಹುದ್ದೆ ತೊರೆದರು. ಹೆಸರಿನ ಪಕ್ಕದ ವಜ್ರದ ಗುರುತು ಹೋಯಿತು. ಅವರು ಬರೆದ ಉತ್ತರಗಳು, ಆ ಉತ್ತರಗಳಿಗೆ ಬಂದ ಬ್ಯಾಡ್ಜುಗಳು ಅಲ್ಲೇ ಉಳಿದವು. ಡವಾಲಿ ಒಪ್ಪಿಸಿ, ಪದಕ ಇಟ್ಟುಕೊಂಡು ಹೊರಬಂದರು.

ಇಷ್ಟೆಲ್ಲ ಹೇಳಿದ ಮೇಲೆ ತಾಣ ನಡೆಸುವವರಲ್ಲಿ ನನ್ನ ಬೇಡಿಕೆ ಚಿಕ್ಕದು. ಸಾಧನೆಯ ಬ್ಯಾಡ್ಜಿಗೂ ಅಧಿಕಾರದ ಬ್ಯಾಡ್ಜಿಗೂ ಬೇರೆ ಬೇರೆ ಹೆಸರು, ಬೇರೆ ಬೇರೆ ಜಾಗ ಕೊಡಿ. ಚಿನ್ನದ ಟ್ಯಾಗ್ ಬ್ಯಾಡ್ಜನ್ನೇ ತೆಗೆದುಕೊಳ್ಳಿ: 200 ಉತ್ತರ ಬರೆದು 1000 ಮತ ಗಳಿಸಿದ ದಿನದ ಪದಕ ಎಂದೆಂದಿಗೂ ಅವರ ಬಳಿ ಇರಲಿ, ಇಸವಿ ಸಮೇತ. ಒಬ್ಬರೇ ಪ್ರಶ್ನೆ ಮುಚ್ಚುವ ಅಧಿಕಾರ ಮಾತ್ರ ಅದರಿಂದ ಬೇರೆಯಾಗಿ, ಕಾಲಕಾಲಕ್ಕೆ ಪರೀಕ್ಷೆಗೆ ಒಳಗಾಗಲಿ. ಮುಚ್ಚಿದ ಪ್ರಶ್ನೆಗಳು ಮತ್ತೆ ಮತ್ತೆ ತೆರೆಯಬೇಕಾಗಿ ಬಂದರೆ ಆ ಅಧಿಕಾರ ಹೋಗಲಿ. ಈಗಿನ ವ್ಯವಸ್ಥೆಯಲ್ಲಿ ಅಧಿಕಾರ ಹೋಗಬೇಕಾದರೆ ಪದಕವೂ ಹೋಗಬೇಕು, ಪದಕ ಇರುವವರೆಗೆ ಅಧಿಕಾರ ಹೇಗೆ ಬಳಸಿದರೂ ನಡೆಯುತ್ತದೆ. ಎರಡೂ ಕಡೆ ಅನ್ಯಾಯ.

ಇದು ನಮಗೆ ಹೊಸ ವಿವೇಕವಲ್ಲ. 1961ರ ಕಾಯ್ದೆಯ ಮೂಲಕ ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು ರದ್ದಾದವು. ಲೆಕ್ಕದ ಪುಸ್ತಕ ಸರ್ಕಾರಕ್ಕೆ ಹೋಯಿತು, ದರ್ಪ ಹೋಯಿತು, ಹೋಗಬೇಕಾದ್ದೇ. ಆದರೂ ಎಷ್ಟೋ ಊರುಗಳಲ್ಲಿ ಇಂದಿಗೂ ‘ಶಾನುಭೋಗರ ಮನೆ’ ಎಂದರೆ ದಾರಿ ತೋರಿಸುತ್ತಾರೆ. ಅಧಿಕಾರ ತೆಗೆಯಲು ನೆನಪನ್ನು ಅಳಿಸಬೇಕಾಗಿ ಬರಲಿಲ್ಲ.

ಡವಾಲಿ ಒಪ್ಪಿಸಿ ಬಂದ ಮರುದಿನ ಅಜ್ಜ ಎಂದಿನ ಹೊತ್ತಿಗೇ ಎದ್ದು ಕೂತಿದ್ದರಂತೆ. ಅಜ್ಜಿ ಹುಣಸೆಹಣ್ಣು ಹಿಡಿದು ಗೂಡಿನ ಡಬ್ಬಿ ತೆಗೆದು, “ಇದನ್ನಾದರೂ ತಿಕ್ಕಿ ಕೊಡ್ಲಾ?” ಎಂದು ಕೇಳಿದರಂತೆ. “ಬೇಡ ಬಿಡು, ಅದು ಕಪ್ಪಾದ್ರೂ ನಂದೇ” ಎಂದರಂತೆ ಅಜ್ಜ. ನಾನೂ ಅದನ್ನು ತಿಕ್ಕಿಲ್ಲ.